ಸಂಗ್ಯಾನ ಕೈ ಹಿಡಿದ ಮಾಸ್ತರು

ವೀರಶೆಟ್ಟಿ ಮಾಸ್ತರ ಮುಂದೆ ಯಾರಾದರೂ "ಹೊರಗ ಮಳಿ ಬರ್ಲತ್ತದ್ರಿ" ಅಂದರೆ ಅವರು ಮೊದಲು ಕಿಟಕಿಯಿಂದ ಕೈ ಆಚೆ ಚಾಚುತ್ತಿದ್ದರು. ಅಂಗೈ ಒದ್ದೆಯಾದ ಮೇಲೆಯೇ "ಹೌದು, ಬರ್ಲತ್ತದ" ಅನ್ನುವುದು. ಸುದ್ದಿ ತಂದವರು ತಲೆಯಿಂದ ಪಾದದವರೆಗೆ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದರೂ ಈ ಶಾಸ್ತ್ರ ತಪ್ಪುತ್ತಿರಲಿಲ್ಲ. "ನಮ್ಮಿಬ್ಬರದು ಲಗ್ನ ಆಗ್ಯದ ಅಂಬೋದಕ್ಕೂ ಇವರಿಗಿ ಸಬೂತ ಬೇಕ್ರಿ" ಎಂದು ಅವರ ಹೆಂಡತಿ ಬಂದವರೆದುರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಮಾಸ್ತರು ಅದಕ್ಕೂ ತಲೆಯಾಡಿಸಿ, ಬಸಿಯಲ್ಲಿ ಚಹಾ ಸುರುವಿಕೊಂಡು, ಸದ್ದು ಮಾಡುತ್ತ ಕುಡಿಯುತ್ತಿದ್ದರು.

ಅವರ ಬಾಯಲ್ಲಿ ಸದಾ ಒಂದು ಪ್ರಶ್ನೆ: "ನಿನಗ ಹ್ಯಾಂಗ ಗೊತ್ತಾತು?" ಇದನ್ನು ಅವರು ಜಗಳಕ್ಕೆ ಕೇಳುತ್ತಿರಲಿಲ್ಲ. ಕೇಳಿ, ತಲೆಯನ್ನು ಒಂದಿಷ್ಟು ವಾರೆ ಮಾಡಿ, ನಿಜವಾಗಿಯೂ ಉತ್ತರಕ್ಕಾಗಿ ಕಾಯುತ್ತಿದ್ದರು. ತೊಂದರೆ ಇದ್ದದ್ದೇ ಅಲ್ಲಿ. ಜಗಳಗಂಟರಿಗೆ ಏನಾದರೊಂದು ಹೇಳಿ ಪಾರಾಗಬಹುದು. ಕಾಯುತ್ತ ಕೂತವರಿಗೆ ಏನು ಹೇಳುವುದು? ನನ್ನಂಥ ಮುಂಗೋಪಿಗಂತೂ ಅವರ ಆ ಕಾಯುವಿಕೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಈಗ ಬೀದರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮಕ್ಕಳು ಏನಾದರೂ ಖಂಡಿತವಾಗಿ ಹೇಳಿದಾಗ ನನ್ನ ಬಾಯಿಂದಲೂ ಅದೇ ಪ್ರಶ್ನೆ ಬರುತ್ತದೆ. ಕಾಯುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ಭಾಲ್ಕಿಯಿಂದ ನಮ್ಮೂರು ಭಾತಂಬ್ರಾಕ್ಕೆ ಅವರು ದಿನಾ ಸೈಕಲ್ ಮೇಲೆ ಬರುತ್ತಿದ್ದರು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಪ್ಯಾಂಟು ಚೈನಿಗೆ ಸಿಗದಂತೆ ಪಾದದ ಹತ್ತಿರ ಒಂದು ರಬ್ಬರು. ಆಳು ಕುಳ್ಳು, ಕೈ ಮಾತ್ರ ದೊಡ್ಡವು. ಒಂದನೇ ತರಗತಿಯ ಹುಡುಗರ ಬೆನ್ನ ಹಿಂದೆ ಕೂತು, ಅವರ ಪುಟ್ಟ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಇಟ್ಟುಕೊಂಡು, ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅವರ ಕೈಯೊಳಗೆ ನಮ್ಮ ಕೈ ಇದ್ದಷ್ಟು ಹೊತ್ತು ಅಕ್ಷರ ಮುತ್ತಿನಂತೆ ಬರುತ್ತಿತ್ತು. ಕೈ ಬಿಟ್ಟರೆ ಕೋಳಿ ಕೆದರಿದ ಹಾಗೆ. ಹೀಗೆ ಅವರಿಂದ ಅತಿ ಹೆಚ್ಚು ದಿನ ಕೈ ಹಿಡಿಸಿಕೊಂಡವನು ನನ್ನ ಅಣ್ಣ ಸಂಗಮೇಶ. ಬೇರೆ ಮಕ್ಕಳು ಮಗ್ಗಿ ಹೇಳುವ ಹೊತ್ತಿಗೂ ಇವನಿನ್ನೂ ಅ ಆ ತಿದ್ದುತ್ತಿದ್ದ. ಆದರೆ ಶಾಲೆಯ ಗೋಡೆ ಗಡಿಯಾರ ನಿಂತಾಗ ಅದನ್ನು ಬಿಚ್ಚಿ ಮತ್ತೆ ಓಡಿಸಿದವನೂ ಇವನೇ. ಅವತ್ತಿನಿಂದ ಮಾಸ್ತರಿಗೆ ಇವನು ಸಂಗಮೇಶನಲ್ಲ, ಸಂಗ್ಯಾ.

ಮಾಸ್ತರು ನಾಸ್ತಿಕರೇನೂ ಅಲ್ಲ. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟುತ್ತಿರಲಿಲ್ಲ. "ಬಾಬಾಗೋಳಿಗೆಲ್ಲ ಸವಾಲ ಹಾಕ್ತೀರಿ, ಲಿಂಗಕ್ಕ ಮಾತ್ರ ಕೈ ಮುಗಿತೀರಿ, ಇದ್ಯಾವ ನ್ಯಾಯ್ರಿ?" ಎಂದು ಊರಿನ ಒಬ್ಬರು ಕಾಲೆಳೆದಾಗ ಅವರು ಹೇಳಿದ್ದು ಇಷ್ಟೇ: "ಲಿಂಗ ನನಗ ಇಂಥಾದ್ದು ಹೇಳ್ಯದ ಅಂತ ನಾ ಎಂದಾರ ಯಾರಿಗರೆ ಹೇಳೀನೇನ್ರಿ?" ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಶಾಲೆಗೆ ಬೋರ್‌ವೆಲ್ ಹಾಕಿಸಬೇಕಾದಾಗ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಊರ ಹಿರಿಯರು ಉದಗೀರ ಕಡೆಯಿಂದ ನೀರು ನೋಡುವವನೊಬ್ಬನನ್ನು ಕರೆಸಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಅವನು ನಡೆಯುವುದು. ಕೆಳಗೆ ನೀರಿನ ಸೆಲೆ ಇದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುವುದು. ಬೇವಿನ ಗಿಡದ ಹತ್ತಿರ ಕಾಯಿ ಎದ್ದು ನಿಂತೇಬಿಟ್ಟಿತು. ನಾವೆಲ್ಲ ಹೋ ಎಂದು ಕೂಗಿದೆವು. ಮಾಸ್ತರು ಮುಂದೆ ಹೋಗಿ, ಕೈ ಮುಗಿದು, "ಅಣ್ಣಾ, ಇನ್ನೊಂದು ಸಲ ನೋಡೂಣೇನು? ಕಣ್ಣಿಗಿ ಈ ಟಾವೆಲ್ ಕಟಗೊಂಡು?" ಅಂದರು. ಆ ಮನುಷ್ಯ ನಿಯತ್ತಿನವನು, ಒಪ್ಪಿದ. ಕಣ್ಣು ಕಟ್ಟಿ, ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಕಾಯಿ ಹೆಡ್‌ಮಾಸ್ತರ ಕೋಣೆ ಮುಂದೆ ಎದ್ದಿತು. ಇನ್ನೊಮ್ಮೆ ಬಿಟ್ಟರೆ ಪಾಯಖಾನೆಯ ಬಾಗಿಲಲ್ಲಿ.

ನಾವು ಬಿದ್ದು ಬಿದ್ದು ನಕ್ಕೆವು. ಮಾಸ್ತರಿಗೆ ಸಿಟ್ಟು ಬಂದದ್ದು ನಮ್ಮ ಮೇಲೆ. "ಯಾಕ ನಗ್ತೀರಿ? ಆ ಮನುಷ್ಯಾ ಸುಳ್ಳ ಹೇಳ್ಯಾನೇನು? ಕಾಯಿ ಎದ್ದಿದ್ದು ಖರೇ. ಎಬ್ಬಿಸಿದ್ದು ಅವನ ಕೈ. ಆದರ ಕೈ ತನ್ನ ಮಾಲಕಗ ಹೇಳದೆ ಕೆಲಸ ಮಾಡ್ಯದ. ಮನುಷ್ಯಾನ ಕೈ ಬಲು ಲಬಾಡ ಅದ, ಸುಳ್ಳ ಹೇಳ್ತದ, ತಿಳೀತಾ?" ಅಂದರು. ಆಮೇಲೆ ಅವನನ್ನು ಮನೆಗೆ ಕರೆದೊಯ್ದು ಊಟಕ್ಕೆ ಹಾಕಿ ಬಸ್ಸು ಹತ್ತಿಸಿ ಬಂದರು.

ಸಂಗಮೇಶಣ್ಣ ದೊಡ್ಡವನಾಗಿ ಔರಾದಿನಲ್ಲಿ ಮೋಟರು ವೈಂಡಿಂಗ್ ಮಾಡುವ ಅಂಗಡಿ ಇಟ್ಟ. ಸುಟ್ಟುಹೋದ ಪಂಪಿನ ಮೋಟರು ಇವನ ಕೈಗೆ ಬಂದರೆ ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಗುಂಯ್ ಅನ್ನುತ್ತ ಹೋಗುತ್ತಿತ್ತು. ಮಾಸ್ತರು ನಿವೃತ್ತರಾದ ಮೇಲೂ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು ನೋಡುವರು. ಮೂರು ವರ್ಷದ ಹಿಂದೆ ಡಾಬಕಾದ ರೈತರೊಬ್ಬರ ಹೊಲದಲ್ಲಿ ಪಂಪು ಕೂರಿಸಿ ಬರುವಾಗ ಅಣ್ಣನ ಬೈಕಿಗೆ ಎಮ್ಮೆ ಅಡ್ಡ ಬಂತು. ಹೆಲ್ಮೆಟ್ಟು ಹ್ಯಾಂಡಲ್ಲಿಗೆ ತೂಗುಬಿದ್ದಿತ್ತು, ತಲೆಯ ಮೇಲಿರಲಿಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟು ಬರುತ್ತದೆ.

ಹೈದರಾಬಾದಿನಲ್ಲಿ ತಲೆಗೆ ಆಪರೇಷನ್ ಆಯಿತು. ಜೀವ ಉಳಿಯಿತು. ಕಣ್ಣು ಬಿಟ್ಟ. ಆದರೆ ಮಾತಿಲ್ಲ, ಕೈ ಎತ್ತು ಅಂದರೆ ಎತ್ತುವುದಿಲ್ಲ, ಈ ಕಡೆ ನೋಡು ಅಂದರೆ ನೋಡುವುದಿಲ್ಲ. ನುಂಗುವುದು ಮರೆತುಹೋಗಿದ್ದರಿಂದ ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಗೆ. ಒಳಗೆ ಎಷ್ಟು ತಿಳಿಯುತ್ತದೆ ಎಂದು ಕೇಳಿದರೆ, ಹೇಳಲಾರೆವು ಅಂದರು ಡಾಕ್ಟರು. ಬೀದರಿನ ನನ್ನ ಮನೆಗೆ ಕರೆತಂದೆವು. ಭಾತಂಬ್ರಾದಿಂದ ಅವ್ವ ಬಂದು ಅವನ ಮಂಚದ ಪಕ್ಕದಲ್ಲೇ ಹಾಸಿಗೆ ಹಾಕಿದಳು. ನಳಿಗೆ, ಡ್ರೆಸ್ಸಿಂಗು ನೋಡಿಕೊಳ್ಳಲು ಮಂಗಲಪೇಟೆಯ ಸುವಾರ್ತಮ್ಮ ಸಿಸ್ಟರ್ ಬೆಳಿಗ್ಗೆ ಸಂಜೆ ಬರುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿದ್ದರೂ ಅಧಿಕಾರ ಬಿಟ್ಟುಕೊಟ್ಟವರಲ್ಲ. ನಮ್ಮ ಮನೆ ಸೇರಿದ ವಾರದೊಳಗೆ ಅಡಿಗೆಮನೆಯ ಡಬ್ಬಿಗಳೂ ಅವರು ಹೇಳಿದ ಕಡೆ ಕೂತಿದ್ದವು.

ವೀರಶೆಟ್ಟಿ ಮಾಸ್ತರು ಗುರುವಾರ ಗುರುವಾರ ಭಾಲ್ಕಿಯಿಂದ ಬಸ್ಸಿಗೆ ಬರುತ್ತಿದ್ದರು. ಟೊಪ್ಪಿಗೆ ತೆಗೆದಿಟ್ಟು, ಅಣ್ಣನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, "ಸಂಗ್ಯಾ, ನಾ ಬಂದೀನಪ್ಪಾ" ಅನ್ನುವರು. ಹೀಗೆ ಕೂತಿದ್ದಾಗಲೇ ಒಂದು ಗುರುವಾರ ಅವರ ಮುಖ ಬದಲಾಯಿತು. "ತಂಗೀ, ಇವ ನನ್ನ ಕೈ ಜರಾ ತಳ್ಳಿದಂಗ ಆತು ನೋಡು" ಅಂದರು.

ಮುಂದಿನ ವಾರ ಅವರು ಅಂಗಿಯ ಡಬ್ಬಿಯ ರಟ್ಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ವರ್ಣಮಾಲೆ ಬರೆದುಕೊಂಡು ಬಂದರು. ಅವರ ಹಳೆಯ ವಿದ್ಯಾರ್ಥಿ ಯಾರೋ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದನಂತೆ. ಯಾವುದೋ ದೇಶದಲ್ಲಿ ಇಂಥದೇ ರೋಗಿಯ ಕೈಗೆ ಆಸರೆ ಕೊಟ್ಟರೆ ಅವನು ಬೆರಳಿನಿಂದ ಅಕ್ಷರ ತೋರಿಸಿ ಮಾತಾಡುತ್ತಾನಂತೆ. ನನಗೆ ನಗು ಬಂತು. "ಮಾಸ್ತರ, ನೀವಾ ಇದನ್ನ ನಂಬೋರು?" ಅಂದೆ. "ನಂಬೀನಂತ ಎಲ್ಲಿ ಹೇಳ್ದೆ? ನೋಡೂಣ. ಸುಳ್ಳಾದರ ನಮ್ಮದೇನು ಹೋಗ್ತದ?" ಅಂದರು. ಆ ಮಾತು ಅವರ ಮಾತಿನ ಹಾಗಿರಲಿಲ್ಲ. ಅಣ್ಣನ ಮೇಲಿನ ಮಮತೆ ಅವರ ಬಾಯಿಂದ ಆಡಿಸಿದ ಮಾತು ಅದು.

ಅಣ್ಣನ ಮೊಣಕೈ ಕೆಳಗೆ ದಿಂಬು ಕೊಟ್ಟು, ಮಣಿಕಟ್ಟನ್ನು ತಮ್ಮ ಅಂಗೈಯಲ್ಲಿ ತೂಗಿಕೊಂಡು, ತೋರುಬೆರಳನ್ನು ರಟ್ಟಿನ ಮೇಲೆ ಚಾಚಿ ಮಾಸ್ತರು ಕಾದರು. ಅವತ್ತು ಏನೂ ಆಗಲಿಲ್ಲ. ಅದರ ಮುಂದಿನ ವಾರವೂ ಆಗಲಿಲ್ಲ. ಮತ್ತೊಂದು ಸಲ ಬೆರಳು ನಡುಗುತ್ತ ಹೋಗಿ ಅ ಮೇಲೆ ನಿಂತಿತು, ಅಲ್ಲಿಂದ ಜಾರುತ್ತ ಜಾರುತ್ತ ವ ಮೇಲೆ. ಅವ್ವ ಕಿಟಾರನೆ ಕಿರುಚಿದಳು. ಮಾಸ್ತರ ಕನ್ನಡಕದ ಕೆಳಗೆ ನೀರು ಇಳಿಯಿತು. ನಾನು ಒಲೆಯ ಮೇಲಿದ್ದ ಹಾಲು ಮರೆತೆ.

ಆಮೇಲಿನ ಎರಡು ತಿಂಗಳು ನಮ್ಮ ಮನೆ ಮತ್ತೆ ಮನೆಯಾಯಿತು. ಗುರುವಾರ ಒಂದೇ ಸಾಲದೆ ಮಾಸ್ತರು ವಾರಕ್ಕೆ ಮೂರು ಸಲ ಬರತೊಡಗಿದರು. ರಟ್ಟು "ನೀರು" ಅಂದಿತು. "ಸೆಕಿ" ಅಂದಿತು. "ಅವ್ವ ಅಳಬ್ಯಾಡ" ಅಂದಿತು. ಅವತ್ತಿನಿಂದ ಅವ್ವ ತಲೆ ಬಾಚಿಕೊಂಡು ಕುಂಕುಮ ಇಟ್ಟುಕೊಳ್ಳತೊಡಗಿದಳು, ಊರಿನಿಂದ ಫೋನು ಬಂದರೆ ನಗುತ್ತ ಮಾತಾಡಿದಳು. ಒಂದು ದಿನ ನಾನು ಶಾಲೆಯಿಂದ ಬಂದು ಚೀಲ ಇಡುವಷ್ಟರಲ್ಲಿ ಮಾಸ್ತರು ಕರೆದರು. ಬೆರಳು "ತಂಗಿ ದಣದಾಳ" ಎಂದು ತೋರಿಸಿತು. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ಅಷ್ಟು ಸುಖವಾಗಿ ನಾನು ಎಂದೂ ಅತ್ತಿರಲಿಲ್ಲ.

ಸುವಾರ್ತಮ್ಮ ಸಿಸ್ಟರ್ ಮಾತ್ರ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡುವರು. ಒಂದು ಸಂಜೆ ಹೊರಡುವಾಗ ನನ್ನನ್ನು ಗೇಟಿನ ಹತ್ತಿರ ಕರೆದು ಹೇಳಿದರು: "ಸುನೀತಾ, ಬೆರಳು ಓಡೋವಾಗ ಅಣ್ಣನ ಕಣ್ಣು ನೋಡೀಯೇನು? ಅವನ ಕಣ್ಣು ಫ್ಯಾನಿನ ಕಡಿ ಇರ್ತಾವ. ರಟ್ಟ ನೋಡೋರು ಮಾಸ್ತರ ಒಬ್ರೇ." ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಮಗ್ಯಾಕ್ರಿ ಇಷ್ಟು ಹೊಟ್ಟಿಕಿಚ್ಚು?" ಅಂದುಬಿಟ್ಟೆ. ಅವರು ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಬಂದು ಎಂದಿನ ಹಾಗೆ ನಳಿಗೆ ತೊಳೆದರು.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಅವತ್ತು ಎಲ್ಲರೂ ಹೊಲಕ್ಕೆ ಹೋಗುವುದು, ಎಲ್ಲ ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಉಣ್ಣುವುದು. ಅಂಬಲಿ ಅಂದರೆ ಅಣ್ಣನಿಗೆ ಪ್ರಾಣ. ಅವ್ವ ದಿನವೂ ಅದನ್ನೇ ಹೇಳುತ್ತಿದ್ದಳು: ಹೋದ ವರ್ಷ ಇಷ್ಟು ಕುಡಿದ, ಅದರ ಹಿಂದಿನ ವರ್ಷ ಅಷ್ಟು ಕುಡಿದ. ಆ ವಾರ ರಟ್ಟು ಹೇಳಿತು: "ನಳಿ ತಗೀರಿ. ಅವ್ವನ ಕೈಲೆ ಉಣ್ತೀನಿ."

ಅವ್ವ ಕೂಡಲೇ ಜೋಳ ಹಸನು ಮಾಡಲು ಕೂತಳು. ಸಿಸ್ಟರ್ ಮೊರವನ್ನು ಕೈಯಿಂದ ಕಸಿದುಕೊಂಡರು. "ತಾಯೀ, ಅವನಿಗೆ ಉಗುಳು ಸುದ್ದಾ ನುಂಗಾಕ ಬರಲ್ಲ. ಬಾಯಾಗ ಅಂಬಲಿ ಹಾಕಿದ್ರ ಹೊಟ್ಟಿಗಿ ಹೋಗಂಗಿಲ್ಲ, ಶ್ವಾಸದಾಗ ಹೋಗ್ತದ. ಮಗನ್ನ ಕಳಕೋತೀರಿ." ಅವ್ವ ಅಷ್ಟೇ ಗಟ್ಟಿಯಾಗಿ ಹೇಳಿದಳು: "ಅವನೇ ಬೇಡ್ಯಾನ. ಹಸದ ಮಗ ಬಾಯಿ ಬಿಟ್ಟು ಕೇಳಿದ್ರ ಇಲ್ಲ ಅನ್ನಲೇನು?" ಇಬ್ಬರೂ ತಿರುಗಿ ಮಾಸ್ತರ ಕಡೆ ನೋಡಿದರು.

"ಮಾಸ್ತರ್ರಿ," ಅಂದರು ಸಿಸ್ಟರ್, "ಸಂಗಮೇಶ ಹೇಳ್ಯಾನಂದ್ರ ನಾ ಈಗೇ ಡಾಕ್ಟರಿಗೆ ಫೋನ್ ಹಚ್ತೇನಿ. ಆದರ ಅವ ಹೇಳ್ಯಾನೋ, ನೀವು ಹೇಳೀರೋ?"

ಮಾಸ್ತರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಇಂಥಾವೆಲ್ಲ ನಾ ನಿಮ್ಮಕಿಂತ ಮೊದಲ ನೋಡೀನ್ರಿ ಸಿಸ್ಟರ್. ನನ್ನ ಕೈಗಿ ಅವ ತಳ್ಳೋದು ನನಗ ಗೊತ್ತಾಗಲ್ಲೇನು?"

"ನೋಡೀರಿ ಅಂತಲೇ ಕೇಳ್ತೇನ್ರಿ. ಒಂದನೇ ಕ್ಲಾಸಿನ್ಯಾಗ ಹುಡುಗರ ಕೈ ಹಿಡದು ಅ ಬರಸ್ತಿದ್ರಲ್ಲ. ಆ ಅ ಬರದೋರು ಯಾರ್ರಿ?"

ಮಾಸ್ತರು ಟೊಪ್ಪಿಗೆ ಹಾಕಿಕೊಂಡು, ಚಹಾವನ್ನೂ ಕುಡಿಯದೆ ಹೊರಟುಹೋದರು. ಅವ್ವ ಸಿಸ್ಟರಿಗೆ ಹಿಡಿಶಾಪ ಹಾಕಿದಳು. ನನಗೆ ಮಾತ್ರ ಶಾಲೆಯಂಗಳದ ತೆಂಗಿನಕಾಯಿ ನೆನಪಾಯಿತು.

ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿರುವಾಗ ಅವರು ಬಂದರು. ಗಡ್ಡ ಬೆಳೆದಿತ್ತು, ನಿದ್ದೆಗೆಟ್ಟ ಕಣ್ಣು. ಬಂದವರೇ ಸಿಸ್ಟರಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿದರು. "ಸುನೀತಾ, ಇವತ್ತ ನಾ ಸಾಲಿ ಹುಡುಗ, ನೀ ಮಾಸ್ತರ. ನನ್ನ ಪರೀಕ್ಷಾ ತಗೋ." ಹೇಗೆ ಎಂದು ಅವರೇ ವಿವರಿಸಿದರು. ಅಣ್ಣನ ಅಂಗಡಿಯ ಹತ್ಯಾರಗಳ ಪೆಟ್ಟಿಗೆಯಿಂದ, ಅವನಿಗೆ ಚೆನ್ನಾಗಿ ಗೊತ್ತಿರುವ ಸಾಮಾನನ್ನೇ ತೆಗೆಯಬೇಕು. ಮಾಸ್ತರು ಹೊರಗೆ ಮೆಟ್ಟಿಲ ಮೇಲೆ ಕೂತಿರಬೇಕು. ನಾನು ಅಣ್ಣನ ಕಣ್ಣ ಮುಂದೆ ಅದನ್ನು ಹಿಡಿದು, ಕಿವಿಯ ಹತ್ತಿರ ಹೆಸರು ಹೇಳಿ, ಕೈಗೂ ಮುಟ್ಟಿಸಿ, ಮುಚ್ಚಿಡಬೇಕು. ಆಮೇಲೆ ಮಾಸ್ತರು ಒಳಗೆ ಬಂದು ಕೈ ಹಿಡಿಯುವುದು. "ಅವ ಹೇಳಾವಿದ್ರ ಹೇಳ್ತಾನ. ಅವನಿಗಿ ಅನ್ಯಾಯ ಆಗಬಾರದು, ಅದಕ್ಕ ಕಿವ್ಯಾಗ ಎರಡ ಸಲ ಹೇಳು" ಅಂದರು.

ಮೊದಲು ಅವರೆದುರಿಗೇ ತಂತಿ ಕತ್ತರಿಸುವ ಪಕ್ಕಡ ತೋರಿಸಿದೆ. ಬೆರಳು ಪ, ಕ, ಡ ಎಂದು ಚುರುಕಾಗಿ ಓಡಿತು. "ನೋಡ್ರಿ, ನನ್ನ ಮಗ!" ಅಂದಳು ಅವ್ವ. ಮಾಸ್ತರು ನಗಲಿಲ್ಲ, ಎದ್ದು ಹೊರಗೆ ಹೋದರು. ಅವರ ಜೊತೆಗೆ ಸಿಸ್ಟರೂ ಹೋಗಿ ಕೂತರು.

ನಾನು ಟೆಸ್ಟರು ತೆಗೆದೆ. ಅಣ್ಣ ಅದನ್ನು ಸದಾ ಜೇಬಿನಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿದ್ದ. "ಅಣ್ಣಾ, ಟೆಸ್ಟರ್. ನಿನ್ನ ಟೆಸ್ಟರ್" ಅಂದು, ಅಂಗೈಗೆ ಒತ್ತಿ, ದಿಂಬಿನ ಕೆಳಗೆ ಮುಚ್ಚಿಟ್ಟೆ. ಮಾಸ್ತರು ಬಂದು ಕೈ ಹಿಡಿದರು. ಬೆರಳು ಅಷ್ಟೇ ಚುರುಕಾಗಿ ಹೋಗಿ "ತಂತಿ" ಅಂದಿತು. ನಾನು ತಲೆ ಅಲ್ಲಾಡಿಸಿದೆ. ಎರಡನೆಯ ಸಲ ಬಲ್ಬು ತೋರಿಸಿದೆ. ಬೆರಳು "ಪಾನಾ" ಅಂದಿತು. ನಟ್ಟು ಬಿಚ್ಚುವ ಪಾನಾ ಪೆಟ್ಟಿಗೆಯಲ್ಲೇ ಇತ್ತು, ನಾನು ಮುಟ್ಟಿಯೂ ಇರಲಿಲ್ಲ. ಅವ್ವನ ಮುಖದಲ್ಲಿದ್ದ ನಗು ಹೋಗಿತ್ತು. "ಅವನಿಗಿ ದಣಿವಾಗ್ಯದ. ಸಾಕ್ ಮಾಡ್ರಿ" ಅಂದಳು. ನನಗೂ ಹಾಗೇ ಅನ್ನಿಸಿತ್ತು. ಇಲ್ಲಿಗೇ ನಿಲ್ಲಿಸಿದರೆ ದಣಿವಿನ ಮೇಲೆ ಹಾಕಿ ಎಲ್ಲವನ್ನೂ ಉಳಿಸಿಕೊಳ್ಳಬಹುದು.

"ಇನ್ನ ಒಂದೇ ಒಂದು," ಅಂದರು ಮಾಸ್ತರು. "ಈ ಸಲ ನನಗೊಂದು ತೋರಸು, ಅವನಿಗೊಂದು ತೋರಸು. ಎರಡೂ ಬ್ಯಾರೆ ಬ್ಯಾರೆ ಇರಲಿ."

ಹೊರಗೆ ಮೆಟ್ಟಿಲ ಮೇಲೆ ಅವರಿಗೆ ನನ್ನ ಕೈಯ ಬಳೆ ತೆಗೆದು ತೋರಿಸಿದೆ. ಒಳಗೆ ಬಂದು ಅಣ್ಣನಿಗೆ ಕರಿ ಟೇಪಿನ ಸುರುಳಿ ತೋರಿಸಿ ಹೆಸರು ಹೇಳಿದೆ. ಮಾಸ್ತರು ಕೂತರು, ಕೈ ಹಿಡಿದರು. ಬೆರಳು ಎದ್ದಿತು. ನೇರವಾಗಿ ಬ ಮೇಲೆ ಹೋಗಿ ನಿಂತಿತು. ಅಲ್ಲಿಂದ ಕೆಳಗಿನ ಸಾಲಿಗೆ, ಳ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ಮಾಸ್ತರು ನಿಲ್ಲಿಸಿದರು. ತಮ್ಮ ಕೈಯನ್ನೇ, ಬೇರೆ ಯಾರದೋ ಕೈ ನೋಡುವ ಹಾಗೆ, ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಬೆರಳು ಸಡಿಲಿಸಿ ಬಿಟ್ಟರು. ಅಣ್ಣನ ಕೈ ರಟ್ಟಿನ ಮೇಲೆ ಇದ್ದಲ್ಲೇ ಬಿತ್ತು. ಎಲ್ಲಿಗೂ ಹೋಗಲಿಲ್ಲ. ಅವನ ಕಣ್ಣು ಫ್ಯಾನಿನ ಕಡೆ ಇತ್ತು.

ಬೇರೆ ಯಾರೇ ಆಗಿದ್ದರೂ ಅವ್ವನಿಗೆ ಹೇಳುವ ಕೆಲಸವನ್ನು ನನಗೆ ಬಿಟ್ಟು ಹೊರಟುಬಿಡುತ್ತಿದ್ದರು. ಮಾಸ್ತರು ಟೊಪ್ಪಿಗೆ ತೆಗೆದು, ಅವ್ವನ ಎದುರಿಗೆ ನೆಲದ ಮೇಲೆ ಕೂತರು. "ತಾಯೀ, ನಳಿ ತಗೀರಿ ಅಂತ ಸಂಗ್ಯಾ ಹೇಳಿಲ್ಲ. ನಾ ಹೇಳೀನಿ. ನನಗ ಗೊತ್ತಿಲ್ದಂಗ ಹೇಳೀನಿ."

ಅವ್ವ ಅವರನ್ನೇ ನೋಡುತ್ತಿದ್ದಳು. "ಅವ್ವ ಅಳಬ್ಯಾಡ ಅಂದಿದ್ದು?"

"ಅದೂ ನಾನೇ."

"ತಂಗಿ ದಣದಾಳ ಅಂದಿದ್ದು?"

"ಆಕಿ ದಣದಿದ್ದು ನಾ ನೋಡಿದ್ದೆ ತಾಯೀ. ಅದೂ ನಂದೇ. ಮೋಸ ಮಾಡಬೇಕಂತ ಮಾಡಿದ್ದಲ್ಲ. ಆದರ ಮೋಸ ಆಗ್ಯದ."

"ಅವತ್ತ ಬೈಕ್ ಮ್ಯಾಲಿಂದ ಬಿದ್ದ. ಇವತ್ತ ಇನ್ನೊಮ್ಮಿ ಬಿದ್ದ ನನ್ನ ಮಗ" ಅಂದಳು ಅವ್ವ. ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೆದ್ದ ಸುವಾರ್ತಮ್ಮ ಸಿಸ್ಟರ್ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿದರು. ಯಾರೂ ಕುಡಿಯಲಿಲ್ಲ. ನನಗೆ ಮಾಸ್ತರ ಮೇಲೆ ಸಿಟ್ಟಿತ್ತು, ಅಳುವೂ ಇತ್ತು. ಪರೀಕ್ಷೆ ಬೇಡ ಅನ್ನಲು ಅವರಿಗೆ ಎಷ್ಟು ದಾರಿಗಳಿದ್ದವು ಎಂಬುದು ನನಗೆ ಆಮೇಲೆ, ಅಳು ಇಳಿದ ಮೇಲೆ ಹೊಳೆಯಿತು.

ಇನ್ನು ಅವರು ಬರಲಾರರು ಅಂದುಕೊಂಡಿದ್ದೆ. ಅಮಾವಾಸ್ಯೆಯ ದಿನವೇ ಬಂದರು. ಬಗಲಲ್ಲಿ ರಟ್ಟು ಇರಲಿಲ್ಲ. ಅವ್ವ ಮಾತಾಡಿಸಲಿಲ್ಲ. ಸಿಸ್ಟರ್ ಡಾಕ್ಟರನ್ನು ಕೇಳಿಕೊಂಡು, ಅವ್ವ ಮಾಡಿದ ಅಂಬಲಿಯನ್ನು ನೀರಾಗಿಸಿ, ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ ಇಟ್ಟಿದ್ದರು. ಸಿರಿಂಜನ್ನು ನಳಿಗೆಗೆ ಜೋಡಿಸಿ ಅವ್ವನ ಕೈಗೆ ಲೋಟ ಕೊಟ್ಟರು. "ಹಾಕ್ರಿ ತಾಯೀ, ಸಾವಕಾಶ. ನಿಮ್ಮ ಕೈಲೆನೇ ಹೋಗಲಿ." ಅವ್ವ ಸಣ್ಣ ಧಾರೆಯಾಗಿ ಸುರಿದಳು. ಅಂಬಲಿ ನಳಿಗೆಯಲ್ಲಿ ಇಳಿದುಹೋಯಿತು. ಅಣ್ಣನ ಮುಖದಲ್ಲಿ ಏನೂ ಬದಲಾಗಲಿಲ್ಲ. ಲೋಟದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅವ್ವ ಬಾಗಿಲಲ್ಲಿ ನಿಂತಿದ್ದ ಮಾಸ್ತರ ಕಡೆ ನೋಡದೆಯೇ, "ಒಳಗ ಬರ್ರಿ. ಗಡಿಗ್ಯಾಗ ಇನ್ನೂ ಅದ, ನೀವೂ ಕುಡೀರಿ" ಅಂದಳು.

ಆಮೇಲೆ ಮಾಸ್ತರ ಗುರುವಾರಗಳು ಬೇರೆ ಥರ ಆದವು. ಅಣ್ಣನ ಪಕ್ಕ ಕುರ್ಚಿ ಹಾಕಿಕೊಂಡು ಮಾತಾಡುವರು. ಭಾಲ್ಕಿಯಲ್ಲಿ ತೊಗರಿಯ ಧಾರಣೆ, ಕಬ್ಬಿನ ಗಾಡಿಗಳಿಗೆ ಸಿಕ್ಕಿ ತಡವಾದ ಬಸ್ಸು, ಶಾಲೆಗೆ ಬಂದ ಹೊಸ ಗಡಿಯಾರ. ನಡುನಡುವೆ ಒಂದು ಪ್ರಶ್ನೆ ಕೇಳಿ, ತಲೆ ವಾರೆ ಮಾಡಿ ಕಾಯುವರು. ಉತ್ತರದ ಜಾಗ ಖಾಲಿಯೇ ಇರುತ್ತಿತ್ತು. ಅದನ್ನು ಅವರು ತುಂಬಲಿಲ್ಲ, ನಮಗೂ ತುಂಬಲು ಬಿಡಲಿಲ್ಲ. ಸ್ವಲ್ಪ ಕಾದು ಮುಂದಿನ ಸುದ್ದಿಗೆ ಹೋಗುವರು. ಒಮ್ಮೆ ನೋಡಲು ಬಂದ ನಮ್ಮ ಸೋದರಮಾವ ಪಟ್ಟು ಹಿಡಿದ: "ಒಂದ ಮಾತಿನ್ಯಾಗ ಹೇಳ್ರಿ ಮಾಸ್ತರ. ಅವನಿಗಿ ತಿಳೀತದೋ ಇಲ್ಲೋ?"

"ಗೊತ್ತಿಲ್ಲರಿ."

"ಅಂದ್ರ ಇಲ್ಲ ಅನ್ನರಿ, ಮುಗೀತು."

"ಇಲ್ಲ ಅಂಬೋದಕ್ಕೂ ಸಬೂತ ಬೇಕಲ್ರಿ. ಅದು ನನ್ನ ಬಲ್ಲಿ ಇಲ್ಲ."

ಈ ಮಾತು ಕೇಳಿದಾಗ ಅವ್ವ ಬತ್ತಿ ಹೊಸೆಯುತ್ತಿದ್ದಳು. ಅವತ್ತು ಮಾಸ್ತರ ಬಸಿಗೆ ಎರಡನೆಯ ಸಲ ಚಹಾ ಸುರುವಿದವಳು ಅವಳೇ.

ಕಳೆದ ವರ್ಷ ಬೇಸಿಗೆ ಹೊತ್ತಿಗೆ ಅವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವರು. "ಇಷ್ಟು ಬಿಸಲಾಗ ಯಾಕ ಬರ್ತೀರಿ ಮಾಸ್ತರ? ಬಂದದ್ದು ಅವನಿಗಿ ಗೊತ್ತಾಗ್ತದೋ ಇಲ್ಲೋ" ಎಂದು ನಾನು ಆಟೋ ಹತ್ತಿಸುವಾಗ ಗದರಿದೆ. "ಅವನಿಗಿ ಗೊತ್ತಾಗ್ತದೋ ಇಲ್ಲೋ, ನಾ ಬರದಿದ್ರ ನನಗ ಗೊತ್ತಾಗ್ತದಲ್ಲ" ಅಂದರು. ಆಟೋದೊಳಗಿಂದ ದೊಡ್ಡ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಭಾಲ್ಕಿಯಿಂದ ಸುದ್ದಿ ಬಂದ ದಿನ ಹೋಗಿ ಮಣ್ಣು ಕೊಟ್ಟು ಬಂದೆ. ಬರುವಷ್ಟರಲ್ಲಿ ಅವ್ವ ಅಣ್ಣನ ಮಂಚದ ಅಂಚಿಗೆ ಕೂತು, ಅವನ ಕೈ ಸವರುತ್ತ ಹೇಳುತ್ತಿದ್ದಳು: "ಸಂಗೂ, ಮಾಸ್ತರ ಹೋದ್ರಪ್ಪಾ. ಇನ್ನ ಗುರುವಾರ ಬರಂಗಿಲ್ಲ." ಎದುರುಮನೆಯ ಶಾಂತಾಬಾಯಿಯೂ ಬಂದಿದ್ದಳು. ಅಣ್ಣನ ಎಡಗಣ್ಣಿನಿಂದ ಒಂದು ಹನಿ ಇಳಿದು ಕಿವಿಯ ಕಡೆ ಹರಿಯಿತು.

"ಯವ್ವಾ, ನೋಡ್ರಿ, ಗುರುವಿಗಿ ಅಳ್ಲತ್ತಾನ!" ಅಂದಳು ಶಾಂತಾಬಾಯಿ.

ಹೌದು ಅನ್ನಲು ನನ್ನ ಬಾಯಿ ತೆರೆದಿತ್ತು. ಹೌದು ಆಗಿರಲಿ ಎಂದು ಎದೆಯೆಲ್ಲ ಬೇಡುತ್ತಿತ್ತು. ಅವ್ವ ಸೆರಗಿನ ತುದಿಯಿಂದ ಆ ಹನಿಯನ್ನು ಮೆಲ್ಲಗೆ ಒತ್ತಿ ತೆಗೆದಳು.

"ಆ ಕಣ್ಣು ಪೂರಾ ಮುಚ್ಚಂಗಿಲ್ಲ ಶಾಂತಾ. ದಿನಾ ನೀರ ಬರ್ತದ," ಅಂದಳು. "ಇವತ್ತಿಂದು ಮಾಸ್ತರ ಸಲುವಾಗಿ ಬಂತೋ ಏನೋ. ನನಗ ಗೊತ್ತಿಲ್ಲವ್ವಾ."

ಹಾಗೆ ಹೇಳಿ ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. ಅವಳ ಕಣ್ಣೀರು ಯಾರ ಸಲುವಾಗಿ ಬಂತೆಂಬುದು ಮಾತ್ರ ನನಗೆ ಗೊತ್ತಿತ್ತು.